ಜಗಲಿಯಿಂದ ಇಳಿದ ಶೀಶೆ

ಊಟವಾದ ಮೇಲೆ ಯಾರಾದರೂ ಬಡೇಸೋಪಿನ ತಟ್ಟೆ ಮುಂದೆ ಹಿಡಿದರೆ ನಾನು ಬೇಡವೆನ್ನುತ್ತೇನೆ. ಅಡಿಕೆಯ ಚೂರು ಇದ್ದರೆ ಸಾಕು. ಹೋದ ಶ್ರಾವಣದಲ್ಲಿ ಮೊಮ್ಮಗಳ ಹೊಸ ಮನೆಯ ಪೂಜೆಗೆ ಹೋಗಿದ್ದೆ. ಅತ್ತ ಅಯ್ಯನವರು ಕರ್ಪೂರ ಹಚ್ಚಿದರು, ಇತ್ತ ಬೀಗಿತ್ತಿಯೊಬ್ಬರು ಬಡೇಸೋಪು ಅಗಿಯುತ್ತ ನನ್ನ ಪಕ್ಕಕ್ಕೆ ಬಂದು ಕೂತರು. ಎರಡೂ ವಾಸನೆ ಕೂಡಿ ಮೂಗಿಗೆ ಬಿದ್ದದ್ದೇ ತಡ, ನನ್ನ ಬಾಯಲ್ಲಿ ನೀರೂರಿತು. ಎಡಗಾಲಿನ ಮೀನಖಂಡ ಹಿಡಿದು ಎಳೆಯಿತು.

"ಯಾಕ ಆಯಿ, ಮಾರಿ ಹಿಂಗ್ಯಾಕ ಆತು?" ಎಂದಳು ಮೊಮ್ಮಗಳು.

"ಏನಿಲ್ಲವ್ವ, ಹಳೀದೊಂದು ನೆನಪಾತು" ಎಂದೆ. ಅಷ್ಟೊಂದು ಜನರ ನಡುವೆ ಅದನ್ನು ಹೇಳುವುದು ಹೇಗೆ? ಇಲ್ಲಿ ಬರೆದಿಡುತ್ತೇನೆ.

ಅದು ಶಹಾಬಾದಿನ ಒಂದು ಬೇಸಿಗೆ. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದೆವು. ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದರೂ ದವಾಖಾನೆಯ ಚೀಟಿಯ ಮೇಲೆ ಉರ್ದುವೇ ಇರುತ್ತಿತ್ತು. ನಮ್ಮ ಮನೆಯವರು ಫರ್ಸಿ ಕಲ್ಲಿನ ಖಣಿಯಲ್ಲಿ ಲೆಕ್ಕ ಬರೆಯುವ ಮುನ್ಷಿಯಾಗಿದ್ದರು. ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಹುಬ್ಬಿನ ಮೇಲೆಲ್ಲ ಧೂಳು ಹೊತ್ತು ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ನಾನು, ನನ್ನ ಅತ್ತೆ, ಎರಡು ತುಂಬಿದ ಮಗಳು ಶರಣಿ. ಗೋಡೆಯೂ ಕಲ್ಲು, ನೆಲವೂ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಕಲ್ಲು. ಬೇಸಿಗೆಯಲ್ಲಿ ಆ ಮನೆ ಹಂಚಿನಂತೆ ಕಾಯುತ್ತಿತ್ತು.

ಹಿಂದಿನ ದೀಪಾವಳಿಗೆ ಮೊದಲು ಗೋಡೆಗೆ ಸುಣ್ಣ ಹಚ್ಚುವಾಗ ನಿಚ್ಚಣಿಕೆ ಜಾರಿ ಆ ಕಲ್ಲಿನ ನೆಲದ ಮೇಲೆ ಬಿದ್ದಿದ್ದೆ. ತೊಡೆಯ ಎಲುಬು ಮುರಿಯಿತು. ಶರಣಿ ಆಗ ನಿಚ್ಚಣಿಕೆಯ ಕೆಳಗಿರಲಿಲ್ಲ, ಅತ್ತೆಯ ಸೊಂಟದ ಮೇಲಿದ್ದಳು. ಶಿವನ ಕೃಪೆ ಎಣಿಸುವಾಗ ಇವತ್ತಿಗೂ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ದೊಡ್ಡ ದವಾಖಾನೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ನೋವು ತಡೆಯದೆ ಕೂಗಿದಾಗ ಸೂಜಿ ಹಾಕಿದರು. ಮನೆಗೆ ಕಳಿಸುವಾಗ, ನೋವಿಗೆಂದು ಡಾಕ್ಟರು ಕುಡಿಯುವ ಒಂದು ದವಾ ಬರೆದುಕೊಟ್ಟರು. ಬೆಳಿಗ್ಗೆ ಒಂದು ಚಮಚ, ಸಂಜೆಗೆ ಒಂದು ಚಮಚ. ಗಾಜಿನ ಶೀಶೆ, ಅದರ ಮೈಗೆ ಅಳತೆಗೆಂದು ಗುರುತು ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ. ಬಿರಡೆ ತೆಗೆದರೆ ಕರ್ಪೂರ ಮತ್ತು ಬಡೇಸೋಪಿನ ವಾಸನೆ.

ಆ ವಾಸನೆಗೆ ಅತ್ತೆ ಸೋತುಹೋದರು. "ನೋಡವ್ವ ಈರಮ್ಮಾ, ದೇವರ ಮನಿ ವಾಸನಿ ಬರ್ತದ ಇದರಾಗ" ಎಂದು ಶೀಶೆಯನ್ನು ಒಯ್ದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟರು. ಲಿಂಗಪೂಜೆ ಮುಗಿಸಿ ಪಾದೋದಕ ಕೊಡುವಾಗ ಅದರ ಹಿಂದೆಯೇ ಒಂದು ಚಮಚ ದವಾ. ಹೀಗೆ ದವಾ ಪ್ರಸಾದವಾಯಿತು. ಪ್ರಸಾದವೆಂದ ಮೇಲೆ ನಮ್ಮ ಮನೆಯಲ್ಲಿ ಒಂದು ಹನಿಯನ್ನೂ ಚೆಲ್ಲುವಂತಿಲ್ಲ. ಉಂಡ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳುವ ಮನೆತನ ನಮ್ಮದು. ಅತ್ತೆ ಶೀಶೆಗೂ ಅದೇ ಕಟ್ಟಳೆ ನಡೆಸಿದರು. ಖಾಲಿಯಾದಾಗ ನೀರು ಹಾಕಿ ಕುಲುಕಿ ನನಗೆ ಕುಡಿಸಿದ ಮೇಲೆಯೇ ಅದು ತುಂಬಿಸಲು ದವಾಖಾನೆಗೆ ಹೋಗುತ್ತಿತ್ತು.

ಬರೆದುಕೊಟ್ಟ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಸಾಕು ಎನ್ನುವವರು ಯಾರೂ ಉಳಿಯಲಿಲ್ಲ. ಹಳೆಯ ಚೀಟಿ ನೋಡಿ ಕಂಪೌಂಡರ್ ತುಂಬಿಸಿಕೊಡುತ್ತಿದ್ದ. ಸಂಕ್ರಾಂತಿಗೆ ಎದ್ದು ಕೂತೆ, ಯುಗಾದಿಗೆ ಕೋಲು ಬಿಟ್ಟು ನಡೆದೆ. ದವಾ ಮಾತ್ರ ನಡೆದೇ ಇತ್ತು. ಪೂಜೆ ಕೊಂಚ ತಡವಾದರೆ ಆಕಳಿಕೆಯ ಮೇಲೆ ಆಕಳಿಕೆ, ಮೂಗಿನಿಂದ ನೀರು, ಮೈಮೇಲೆ ಕೋಳಿ ಪುಕ್ಕ ಕಿತ್ತಂಥ ಗುಳ್ಳೆ. ಕುಡಿದರೆ ಎಲ್ಲ ತಣ್ಣಗೆ, ಕಣ್ಣು ಭಾರ. ಅಂಗೈಯಲ್ಲಿ ಲಿಂಗ ಹಿಡಿದು ಕೂತಿರುತ್ತಿದ್ದೆ, ನೋಟ ಮಾತ್ರ ಜಗಲಿಯ ಶೀಶೆಯ ಕಡೆಗೆ. ಅತ್ತೆ ಇದನ್ನು ಭಕ್ತಿ ಎಂದುಕೊಂಡರು. "ಬಿದ್ದ ಮ್ಯಾಲೆ ನನ್ನ ಸೊಸಿಗಿ ಪೂಜ್ಯಾಗ ಭಾಳ ಮನಸ್ಸು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಯುಗಾದಿಯಾದ ಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಆಗಷ್ಟೇ ಚಮಚ ಕುಡಿದಿದ್ದೆ. ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ನೋಡುತ್ತಿದ್ದದ್ದು ನೆನಪಿದೆ. ಆಮೇಲೆ ನೆನಪಿರುವುದು ಶರಣಿಯ ಚೀರಾಟ. ನನ್ನ ಗದ್ದ ಎದೆಗೆ ಬಿದ್ದಿತ್ತು, ಕೂಸು ಕಾದ ಹಂಚಿನ ಮೇಲೆ ಎಡಗೈ ಊರಿತ್ತು. ಮೊಗ್ಗಿನಂಥ ಅಂಗೈ ಸುಟ್ಟು ಬೆಳ್ಳಗಾಗಿತ್ತು. ಕೊಡದ ತುಂಬ ನೀರಿತ್ತು, ಕೈಯನ್ನು ಅದರಲ್ಲೇ ಅದ್ದಿ ಹಿಡಿದೆ. ಬಲಗೈ ಉಳಿದಿತ್ತು, ಮುಖ ಉಳಿದಿತ್ತು. ಅದನ್ನೂ ಎಣಿಸಿಕೊಂಡೆ.

ಸುದ್ದಿ ಕೇಳಿ ತವರೂರು ದಂಡೋತಿಯಿಂದ ನನ್ನ ಅವ್ವ ಬಂದಳು. ಬೈಯಲಿಲ್ಲ. ಒಂದು ದಿನವೆಲ್ಲ ಕಂಬಕ್ಕೆ ಒರಗಿ ಕೂತು ನನ್ನನ್ನೇ ನೋಡಿದಳು. ನಾನು ಅಕ್ಕಿ ಆರಿಸುತ್ತ ತೂಕಡಿಸಿದ್ದನ್ನೂ ನೋಡಿದಳು. ಮರುದಿನ ಮೊಮ್ಮಗಳನ್ನು ಬಗಲಿಗೆ ಎತ್ತಿಕೊಂಡು ಹೊರಟು ನಿಂತಳು.

"ಯವ್ವಾ, ನನ್ನ ಕೂಸು..." ಎಂದೆ.

"ನಿನ್ನ ಕೂಸೇ. ನಾ ಏನ್ ಇಟಗೋತೀನೇನು? ನೀ ಎಚ್ಚರಾದ ದಿನಾ ಬಂದು ಕರ್ಕೊಂಡು ಹೋಗು."

ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಅವತ್ತೇ ಲಿಂಗ ಮುಟ್ಟಿ, ಇನ್ನು ಆ ಶೀಶೆ ಮುಟ್ಟುವುದಿಲ್ಲ ಎಂದು ಆಣೆ ಹಾಕಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಕಾಲಿನ ಎಲುಬಿನೊಳಗೆ ಇರುವೆ ಹರಿದಂತೆ ಆಗುತ್ತಿತ್ತು, ಕಾಲು ತಾವಾಗಿಯೇ ಝಾಡಿಸಿ ಒದೆಯುತ್ತಿದ್ದವು. ಆ ಬಿಸಿಲಿನಲ್ಲೂ ಕೌದಿ ಹೊದ್ದು ನಡುಗಿದೆ. ಅತ್ತೆ ಅಳುತ್ತ ನನ್ನ ಬಾಯಿ ತೆರೆಸಿ ಚಮಚ ಹಾಕಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಣೆ ಮುರಿದ ಬಾಯಲ್ಲಿ ಕರ್ಪೂರದ ರುಚಿ. ಇನ್ನು ಶರಣಿ ನನ್ನ ಕೈಗೆ ಸಿಗುವುದಿಲ್ಲ ಎಂದುಕೊಂಡು ಗೋಡೆಯ ಕಡೆ ಹೊರಳಿದೆ.

ನಮ್ಮ ಮನೆಯವರು ಖಣಿಗೆ ರಜೆ ಹಾಕಿ ನನ್ನನ್ನೂ ಅತ್ತೆಯನ್ನೂ ದವಾಖಾನೆಗೆ ಕರೆದುಕೊಂಡು ಹೋದರು. ಹೊಸದಾಗಿ ಬಂದಿದ್ದ ಡಾಕ್ಟರ್ ಸಾಹೇಬರು ಕಾಲು ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಶೀಶೆಯನ್ನು ಮೂಸಿದರು.

"ಅಮ್ಮಾ, ಎಲುಬು ಛಲೋ ಕೂಡ್ಯದ. ಈಗಿನ ತ್ರಾಸು ಎಲುಬಿಂದಲ್ಲ. ಈ ದವಾದಾಗ ಅಫೀಮು ಅದ. ಮೈ ಅದನ್ನ ಬೇಡ್ಲಿಕತ್ತದ."

"ಅಫೀಮ?" ಅತ್ತೆ ಗಲ್ಲಕ್ಕೆ ಕೈಯಿಟ್ಟರು. "ಕರ್ಪೂರದ ವಾಸನಿ ಬರ್ತದಲ್ರಿ ಸಾಹೇಬ್ರ!"

"ಕರ್ಪೂರನೂ ಅದ್ರಿ ಅಮ್ಮಾ. ಎರಡೂ ಕೂಡೇ ಅವ."

ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚಾಯಿತು. "ನಾ ಏನ್ ಅಫೀಮು ತಿನ್ನಾಕಿ ಏನ್ರಿ? ಚೀಟಿ ಬರದು ಕೊಟ್ಟಿದ್ದು ಕುಡದೀನಿ."

"ಖರೇ. ಯಾರೂ ನಿಮಗ ಅಫೀಮಖೋರ್ ಅನ್ನಲಿಕತ್ತಿಲ್ಲ" ಎಂದರು ಸಾಹೇಬರು. "ನೋವಿದ್ದಾಗ ಅದು ಬೇಕಾಗಿತ್ತು, ಕೊಟ್ಟಾರ. ಈಗ ಬಿಡಬೇಕು. ಆದ್ರ ನೀವು ಮಾಡಿದಂಗ ಒಮ್ಮಿಗೇ ಬಿಡೋದಲ್ಲ. ನಾ ವಾರಾ ವಾರಾ ಕಮ್ಮಿ ಮಾಡಿಕೊಡ್ತೀನಿ. ಹೇಳಿದಕ್ಕಿಂತ ಒಂದು ಹನಿ ಹೆಚ್ಚಿಗಿ ಆಗಬಾರದು. ಶೀಶಿ ನಿಮ್ಮ ಕೈಯಾಗ ಇರಬಾರದು, ಬ್ಯಾರೆಯವರು ಇಟ್ಕೋಬೇಕು."

ಬೇರೆಯವರೆಂದರೆ ಅತ್ತೆಯೇ. ಶೀಶೆ ಮತ್ತೆ ಜಗಲಿಗೆ ಹೋಯಿತು.

ಮೊದಲ ವಾರ ಹೇಗೋ ಕಳೆಯಿತು. ಎರಡನೆಯ ವಾರ ಸಾಹೇಬರು ಇನ್ನಷ್ಟು ಇಳಿಸಿದರು. ಮಧ್ಯಾಹ್ನವಾದರೆ ನನ್ನ ಕಾಲಿನಲ್ಲಿ ಇರುವೆ ಏಳುತ್ತಿತ್ತು. ಹೊರಳಾಡುವುದನ್ನು ಅತ್ತೆ ಜಪಮಣಿ ಹಿಡಿದು ನೋಡುತ್ತ ಕೂಡುತ್ತಿದ್ದರು. ಒಂದು ದಿನ ನಾನು, "ಅತ್ತಿ, ಒಂದು ಗುಟುಕು ಪ್ರಸಾದ ಕೊಡ್ರಿ" ಎಂದೆ. ದವಾ ಎನ್ನಲಿಲ್ಲ. ಪ್ರಸಾದ ಎಂದು ಕೈಯೊಡ್ಡಿದವರಿಗೆ ಇಲ್ಲವೆನ್ನುವ ಬಾಯಿ ಅವರಿಗಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಎದ್ದು, ಕೈಕಾಲು ತೊಳೆದು, ಜಗಲಿಗೆ ನಮಸ್ಕರಿಸಿ, ಚಮಚ ತುಂಬಿಸಿ ತಂದರು. ಮರುದಿನವೂ ಹಾಗೆಯೇ ಆಯಿತು. ವಾರ ತುಂಬುವ ಮೊದಲೇ ಶೀಶೆ ಬರಿದಾಯಿತು, ಅತ್ತೆ ತೊಳೆದು ಆ ನೀರನ್ನೂ ಕುಡಿಸಿದರು.

ದವಾಖಾನೆಯಲ್ಲಿ ಸಾಹೇಬರು ಬರಿದಾದ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಿಂಗಾದ್ರ ನಾ ಏನೂ ಮಾಡಲಿಕ್ಕಾಗಂಗಿಲ್ರಿ" ಎಂದು ಹೇಳಿ ಮತ್ತೆ ತುಂಬಿಸಲು ಕಳಿಸಿದರು. ಮನೆ ಬಂದಾಗ ನಮ್ಮ ಮನೆಯವರು, "ಮಳಿಗಾಲ ಬಂತಂದ್ರ ಕಾಗಿಣಾ ಹೊಳಿ ಏರ್ತದ. ಆಮ್ಯಾಲ ದಂಡೋತಿಗಿ ದಾರಿ ಇರಂಗಿಲ್ಲ. ಕೂಸಿಗಿ ನಿನ್ನ ಮಾರಿ ಮರೀತದ" ಎಂದರು.

ನಾನು ಚಪ್ಪಲಿ ಕೂಡ ಬಿಚ್ಚದೆ ಅತ್ತೆಯ ಮುಂದೆ ನಿಂತೆ. "ಅತ್ತಿ, ಇದು ಪ್ರಸಾದ ಅಲ್ರಿ. ಇದನ್ನ ಜಗಲಿ ಮ್ಯಾಲ ಇಡಬ್ಯಾಡ್ರಿ."

"ದೇವರ ಮುಂದ ಇಟ್ಟಿದ್ದನ್ನ ಹ್ಯಾಂಗ ಅಲ್ಲ ಅಂತೀ?"

"ನಾ ಕೇಳಿದ್ರ ಕೊಡ್ತೀರಿಲ್ಲೋ?"

ಅತ್ತೆ ಜಪಮಣಿ ಕೆಳಗಿಟ್ಟರು. "ಕೊಡ್ತೀನವ್ವ" ಎಂದರು. "ಆ ಪರಿ ಒದ್ದಾಡೋದು ನನ್ನ ಕಣ್ಣಲೆ ನೋಡ್ಲಿಕ್ಕಾಗಂಗಿಲ್ಲ."

ಅವರು ಸುಳ್ಳಾಡುವವರಲ್ಲ. ಶೀಶೆ ಎತ್ತಿಕೊಂಡು ನಾನು ಪಕ್ಕದ ಮನೆಗೆ ಹೋದೆ. ಅದು ಖಾಜಾಬೀಯ ಮನೆ. ಅವಳ ಗಂಡ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಶರಣಿ ಮಾತು ಕಲಿತದ್ದೇ ಅವಳ ಅಂಗಳದಲ್ಲಿ, ದೊಡ್ಡವ್ವ ಎನ್ನುವಂತೆ ಅವಳನ್ನು ಖಾಲಾ ಎನ್ನುತ್ತಿದ್ದಳು.

"ಯಾ ಅಲ್ಲಾ, ನಿಮ್ಮ ಜಗಲಿ ದೇವರನ್ನ ನಮ್ಮ ಮನಿಗಿ ತಂದೀ?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಲ್ಲ ಹೇಳಿದೆ. ಸಾಹೇಬರು ಆ ವಾರದಿಂದ ಬೆಳಗಿನ ಚಮಚ ಬಿಡಿಸಿ ಸಂಜೆಯದೊಂದೇ ಉಳಿಸಿದ್ದರು. ಅವಳು ಯೋಚಿಸಿ ಹೇಳಿದಳು: "ನಾಳಿಯಿಂದ ರಂಜಾನ್. ನಾ ರೋಜಾ ಇರ್ತೀನಿ. ನಿಂದೂ ನಂದೂ ಒಂದೇ ಹೊತ್ತು. ಸಂಜೀ ಅಜಾನ್ ಆದಾಗ ನಾ ನೀರು ಕುಡೀತೀನಿ, ನಿನಗ ಚಮಚಾ ಕೊಡ್ತೀನಿ. ಅದಕ್ಕಿಂತ ಮದಲ ನೀ ಸತ್ತರೂ ಕೊಡಂಗಿಲ್ಲ. ಆತಿಲ್ಲೋ?"

"ಆತಕ್ಕಾ" ಎಂದೆ.

ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ದವಾಕ ಮೈಲಿಗಿ ಅಂಬೋದಿಲ್ಲ. ಆದ್ರ ಆ ಮನ್ಯಾಗ ಇಟ್ಟ ಮ್ಯಾಲ ಅದೇನ್ ಪ್ರಸಾದ ಆಗಂಗಿಲ್ಲ" ಎಂದರು. ಶೀಶೆಯ ಜಾಗದಲ್ಲಿ ಜಗಲಿಯ ಮೇಲೆ ದುಂಡನೆಯ ಗುರುತು ಉಳಿದಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರು.

ಆ ಸಲ ರಂಜಾನ್ ನಡುಬೇಸಿಗೆಗೆ ಬಂದಿತ್ತು. ಹಗಲು ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಪೂಜೆ, ಕಸ, ರೊಟ್ಟಿ ಎಂದು ಕೈಗೆ ಕೆಲಸ ಹಚ್ಚಿ ತಳ್ಳಿದರೂ ಬಿಸಿಲು ನೆತ್ತಿಗೆ ಬಂದ ಮೇಲೆ ಹೊತ್ತು ಕಲ್ಲಾಗಿ ಕೂಡುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕೂತು, ಬೇಡದಿದ್ದರೂ ಜೋಳ ಬೀಸಿದೆ. ಅತ್ತೆ ಕಾಲಿಗೆ ಬೇವಿನೆಣ್ಣೆ ತಿಕ್ಕಿದರು. ಜಗಲಿಯ ಕಡೆ ನೋಡಿ ಕೈಚೆಲ್ಲುತ್ತಿದ್ದರು.

ಒಂದು ದಿನ ತಡೆಯಲಾಗಲಿಲ್ಲ. ಅದು ಸಾಹೇಬರು ಮತ್ತೆ ಇಳಿಸಿ ಕೊಟ್ಟ ವಾರ. ಓಣಿಯಲ್ಲಿ ನಾಯಿ ಕೂಡ ಇಲ್ಲದ ಉರಿಬಿಸಿಲು. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ಓಡಿ ಖಾಜಾಬೀಯ ಬಾಗಿಲು ಬಡಿದೆ.

"ಅಕ್ಕಾ, ಬಾಗಲಾ ತೆರೀ."

ಒಳಗೆ ಚಿಲಕ ಬಿದ್ದ ಸದ್ದು ಕೇಳಿತು. "ಅಜಾನ್ ಆಗಿಲ್ಲ."

"ಅರ್ಧಾ ಚಮಚಾ ಅಕ್ಕಾ. ನಿನ್ನ ಕಾಲಿಗಿ ಬೀಳ್ತೀನಿ."

"ಬಾಗಲದ ಈಚಿ ಅದಾವ ನನ್ನ ಕಾಲು. ಹ್ಯಾಂಗ ಬೀಳ್ತೀ?"

ನಗಿಸಲೆಂದು ಅಂದಳು. ನನಗೆ ಮೈಯೆಲ್ಲ ಉರಿಯಿತು. ಎರಡೂ ಕೈಯಿಂದ ಬಾಗಿಲು ಗುದ್ದಿದೆ. "ನಮ್ಮ ಮನಿ ದವಾ ಅದು! ಇಟ್ಕೊಂಡು ಕುಂದ್ರಲಿಕ್ಕೆ ನೀ ಯಾರ? ಹಡದಿದ್ರ ಗೊತ್ತಾಗ್ತಿತ್ತು ನಿನಗ, ಕೂಸು ಬಿಟ್ಟು ಇರೂದು ಅಂದ್ರ ಏನಂತ!"

ಬಾಯಿಂದ ಬಿದ್ದ ಮಾತು ನನಗೇ ಕೇಳಿಸಿ ಕೈ ಕೆಳಗಿಳಿದವು. ಅವಳ ದನಿ ಬಾಗಿಲಿನ ತೀರ ಹತ್ತಿರದಿಂದ ಬಂತು.

"ಹಡದಿಲ್ಲ, ಖರೇ. ಅದಕ್ಕಂತೇ ತೆರ್ಯಂಗಿಲ್ಲ. ಈ ಓಣ್ಯಾಗ ನನಗ ಖಾಲಾ ಅಂತ ಕರ್ಯಾಕಿ ಶರಣಿ ಒಬ್ಬಾಕಿನೇ. ಅಕಿ ಬರಬೇಕು."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದೆ. ಬಾಗಿಲಿಗೆ ಬೆನ್ನು ಕೊಟ್ಟು ಅಳುತ್ತ ಕೂತೆ. ಆಚೆಯಿಂದ ಅವಳೂ ಬೆನ್ನು ಕೊಟ್ಟು ಕೂತದ್ದು ಹಲಗೆ ಅಲುಗಿ ಗೊತ್ತಾಯಿತು.

"ಈರಮ್ಮಾ, ನನ್ನ ಎದರಿಗಿ ಕೊಡಾ ತುಂಬಿ ಅದ" ಎಂದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ತಣ್ಣನ ನೀರು. ಯಾರೂ ನೋಡಂಗಿಲ್ಲ. ಕುಡೀಲೇನು?"

"ಬ್ಯಾಡಕ್ಕಾ" ಎಂದೆ.

"ಹಂಗಾದ್ರ ನೀನೂ ಕುಂದ್ರು."

ನೆರಳು ಎದುರು ಗೋಡೆಯನ್ನು ಹತ್ತುವವರೆಗೆ ಕೂತೆವು. ನಾನು ಶಿವನಾಮ ಹಿಡಿದೆ, ಅದು ನಡುವೆ ಹರಿದು ಬೀಳುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ. ಅವಳು ಒಳಗೆ ತನ್ನದೇನೋ ಪಠಿಸುತ್ತಿದ್ದಳು. ಕಾಲು ತಾವಾಗಿ ಒದೆದುಕೊಂಡಾಗ, "ಬಾಗಲಾ ಮುರೀಬ್ಯಾಡ, ಹೊಸಾದು ಮಾಡಸಲಿಕ್ಕೆ ನಮ್ಮವರು ಖರ್ಚು ಮಾಡೋರಲ್ಲ" ಎನ್ನುತ್ತಿದ್ದಳು. ಕೊನೆಗೆ ಮಸೀದಿಯಿಂದ ಅಜಾನ್ ಕೇಳಿತು. ಚಿಲಕ ತೆಗೆದಳು. ತಾನು ನೀರು ಕುಡಿಯುವ ಮೊದಲೇ ನನ್ನ ಬಾಯಿಗೆ ಚಮಚ ಹಿಡಿದಳು.

"ಅಕ್ಕಾ, ನಾ ಅಂದಿದ್ದು..." ಎಂದೆ.

"ನೀ ಅಂದಿಲ್ಲ, ಶೀಶಿ ಅಂತು. ನಡೀ, ನನಗ ನೀರಡಿಕ್ಯಾಗ್ಯದ."

ಅವತ್ತಿನ ನಂತರ ಆ ಬಾಗಿಲನ್ನು ನಾನು ಬಡಿಯಲಿಲ್ಲ. ಕಾಲಿನ ಇರುವೆ ಒಂದೇ ಸಲಕ್ಕೆ ಹೋಗಲಿಲ್ಲ. ಬರಬರುತ್ತ ಹಸಿವು ಎಂದರೇನೆಂದು ಮತ್ತೆ ಗೊತ್ತಾಯಿತು. ಒಂದು ಮುಂಜಾನೆ ಪೂಜೆಗೆ ಕೂತಾಗ ಅಂಗೈಯ ಲಿಂಗ ತಣ್ಣಗಿದೆ ಎನ್ನಿಸಿತು. ಎಷ್ಟೋ ತಿಂಗಳಿಂದ ಅಂಗೈಗೆ ಅದು ತಿಳಿದಿರಲಿಲ್ಲ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ರಂಜಾನ್ ಮುಗಿಯುವ ಹೊತ್ತಿಗೆ ಸಾಹೇಬರು ಕೊಡುತ್ತಿದ್ದದ್ದರಲ್ಲಿ ದವಾ ಎಷ್ಟು, ನೀರು ಎಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಬ್ಬದ ದಿನ ಖಾಜಾಬೀ ಎಂದಿನಂತೆ ಅತ್ತೆಗೆ ಒಣ ಶಾವಿಗೆ, ಸಕ್ಕರೆ, ಉತ್ತತ್ತಿ ತಂದುಕೊಟ್ಟಳು. ಹೋಗುವಾಗ ನನ್ನ ಕಿವಿಯಲ್ಲಿ, "ಸಾಹೇಬ್ರು ಸಾಕಂದಾರ. ಇವತ್ತ ಸಂಜೀಕ ಬರೋದು ಬ್ಯಾಡ" ಎಂದಳು.

ಆ ಸಂಜೆ ಅಜಾನ್ ಕೇಳಿದಾಗ ನನ್ನ ಕಾಲು ತಾನಾಗಿ ಹೊಸ್ತಿಲವರೆಗೆ ಹೋಯಿತು. ಅಲ್ಲಿಂದ ತಿರುಗಿ ಬಂದು ದೇವರಿಗೆ ದೀಪ ಹಚ್ಚಿದೆ.

ಕೆಲವು ದಿನ ಕಾದು ನೋಡಿ ದಂಡೋತಿಗೆ ಹೊರಟೆವು. ಚಿತ್ತಾಪುರದವರೆಗೆ ರೈಲು, ಅಲ್ಲಿಂದ ಬಂಡಿ. ಮಿರಗದ ಮುಂಗಾರು ಮಳೆ ಆಗಲೇ ಹಿಡಿದಿತ್ತು. ಕಾಗಿಣಾ ಕೆಂಪಗಾಗಿ ಬಂಡಿಯ ಅಚ್ಚಿನವರೆಗೆ ಏರಿತ್ತು. ಬಂಡಿಯವನು ಎತ್ತಿನ ಬಾಲ ಹಿಡಿದು ದಾಟಿಸಿದ. "ಲಗೂನ ತಿರುಗಿ ಬರ್ರಿ. ಸಂಜಿ ಮುಂದ ನಾ ಇಳಿಸಂಗಿಲ್ಲ" ಎಂದ.

ಅವ್ವ ಕಾಲಿಗೆ ನೀರು ಕೊಟ್ಟಳು. ಶರಣಿ ಅವಳ ಸೆರಗು ಹಿಡಿದು ಹಿಂದೆ ನಿಂತಿದ್ದಳು. ನಾನು ಕೈ ಚಾಚಿದರೆ ಬರಲಿಲ್ಲ.

"ರೊಟ್ಟಿ ಬಡಿ" ಎಂದಳು ಅವ್ವ.

ಒಲೆಯ ಮುಂದೆ ಕೂತೆ. ಹಂಚು ಕಾಯಿತು. ಅವ್ವ ಅವತ್ತಿನಂತೆಯೇ ಕಂಬಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಪ್ರಯಾಣದ ದಣಿವಿಗೆ ಒಂದು ಆಕಳಿಕೆ ಬಂತು. ಹಲ್ಲು ಕಚ್ಚಿ ನುಂಗಿದೆ. ಅವ್ವನ ಕಣ್ಣು ಸಣ್ಣಗಾದವು. ಹೊಳೆಯ ಸದ್ದು ಮನೆಯವರೆಗೂ ಕೇಳುತ್ತಿತ್ತು. ರೊಟ್ಟಿ ಒಂದೊಂದೇ ಬುಟ್ಟಿಗೆ ಬಿದ್ದವು. ಶರಣಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಹತ್ತಿರ ಬಂದಳು, ನನ್ನ ಮಗ್ಗುಲಿಗೆ ಬಂದು ನಿಂತಳು. ಎಡಗೈ ಮೇಲೆತ್ತಿದಳು. ಆ ಕೈ ಹಂಚಿನ ಕಡೆ ಹೋಗುವ ಮೊದಲೇ ನನ್ನ ಹಿಟ್ಟಿನ ಕೈಯೊಳಗೆ ಇತ್ತು. ಅವಳು ನನ್ನ ಮುಖ ನೋಡಿ, "ಬಿಸಿ" ಎಂದಳು. ತೋರಿಸಲೆಂದೇ ಎತ್ತಿದ್ದಳು. ಅಂಗೈಯ ಹೊಸ ಚರ್ಮ ರೇಷ್ಮೆಯಂತೆ ನುಣುಪಾಗಿತ್ತು.

"ಹೌದವ್ವ, ಬಿಸಿ" ಎಂದೆ.

ಅವ್ವ ಎದ್ದು ಕೂಸಿನ ಲಂಗ ಮಡಿಚತೊಡಗಿದಳು. "ಹೊಳಿ ಏರೂದ್ರಾಗ ನಡೀರಿ" ಎಂದಳು ಅಳಿಯನ ಕಡೆ ತಿರುಗಿ.

ಮರುದಿನ ಶಹಾಬಾದಿಗೆ ಬಂದಾಗ ಓಣಿಯೆಲ್ಲ ಒದ್ದೆ. ಅತ್ತೆ ಅಂಗಳದಲ್ಲಿ ನಿಂತಿದ್ದರು, ಪಕ್ಕದಲ್ಲಿ ಖಾಜಾಬೀ. ಅತ್ತೆಯ ಕೈಯಲ್ಲಿ ಶೀಶೆ ಇತ್ತು. ಚಿಮಣಿ ಎಣ್ಣೆ ತರಲು ಬೇಕೆಂದು ಖಾಜಾಬೀಯಿಂದ ಕೇಳಿ ತೆಗೆದುಕೊಂಡಿದ್ದರಂತೆ. ತಳದಲ್ಲಿ ಇನ್ನೂ ಕಂದು ಬಣ್ಣದ ಅಂಟು. ಅವರು ಚೆಂಬಿನಿಂದ ನೀರು ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಿದರು. ಎಷ್ಟೋ ಸಲ ನೋಡಿದ ಕುಲುಕಾಟ. ವಾಸನೆ ಮೇಲೆದ್ದಿತು. ನನ್ನ ಬಾಯಲ್ಲಿ ನೀರು ತುಂಬಿತು. ಕಂಕುಳಲ್ಲಿದ್ದ ಶರಣಿಯನ್ನು ಅವುಚಿ ಹಿಡಿದೆ. ಅತ್ತೆ ನನ್ನನ್ನು ನೋಡಿದರು, ಶೀಶೆಯನ್ನು ನೋಡಿದರು. ತಾಟು ತೊಳೆದ ನೀರನ್ನು ಹುಟ್ಟಿದಾಗಿನಿಂದ ನೆಲಕ್ಕೆ ಬೀಳಗೊಡದ ಆ ಕೈ ಒಂದು ಗಳಿಗೆ ತಡೆಯಿತು.

ಆಮೇಲೆ ಶೀಶೆಯನ್ನು ತಲೆಕೆಳಗು ಮಾಡಿ, ಕೊನೆಯ ಹನಿ ಬೀಳುವವರೆಗೆ ಹಿಡಿದು, ಆ ನೀರನ್ನು ಓಣಿಯ ಕೆಸರಿಗೆ ಚೆಲ್ಲಿದರು.